ಇಂದಿನ ಧಮ್ಮ ಚಿಂತನೆ: ಟ್ರಂಕಿನೊಳಗಿನ 'ಸುಜಾತಾ'



ಅಂಕೋಲೆಯ ಹಿರಿಯ ಉಪಾಸಕರೊಬ್ಬರ ತಂದೆ ಕಾರವಾರದ ಟಾಕೀಸೊಂದರಲ್ಲಿ ಪೋಸ್ಟರ್ ಅಂಟಿಸುವ ಕೆಲಸ ಮಾಡುತ್ತಿದ್ದರು. ಸೈಕಲ್ಲಿಗೆ ಮೈದಾ ಅಂಟಿನ ಬಕೆಟ್, ಹಿಂದೆ ಪೋಸ್ಟರಿನ ಕಟ್ಟು. ಮಿಕ್ಕವನ್ನು ಮನೆಗೆ ತರುತ್ತಿದ್ದರು. ಮಗ ಅವನ್ನು ತಗಡಿನ ಟ್ರಂಕಿನಲ್ಲಿಟ್ಟರು. ಆಮೇಲೆ ತಾವೂ ಊರೂರು ಹುಡುಕಿ ಇನ್ನಷ್ಟು ಸೇರಿಸಿದರು.

ಹಳೆಯ ಪೋಸ್ಟರಿಗೆ ಈಗ ಬೆಲೆ ಬಂದಿದೆ. ಅದನ್ನು ಅಚ್ಚು ಹಾಕಿದ್ದೇ ಗೋಡೆಗೆ ಅಂಟಿಸಲು. ಚಿತ್ರ ಬದಲಾದರೆ ಅದರ ಮೇಲೆಯೇ ಇನ್ನೊಂದು ಬೀಳುತ್ತಿತ್ತು. ಅಂಟಿಸದೆ ಉಳಿದ ಕೆಲವೇ ಪ್ರತಿಗಳು ಇಂದಿನ 'ಅಸಲಿ'. ಅವುಗಳ ಮೇಲಿನ ಮಡಿಕೆಯ ಗೆರೆಯನ್ನೂ ಸಂಗ್ರಹಕಾರರು ಗುರುತಾಗಿ ನೋಡುತ್ತಾರೆ.

ಅವರಿಗೆ ಪ್ರಾಣವಾಗಿದ್ದದ್ದು 'ಸುಜಾತಾ' ಪೋಸ್ಟರ್. ಬಿಮಲ್ ರಾಯ್ ನಿರ್ದೇಶಿಸಿ, ನೂತನ್ ನಟಿಸಿದ 1959ರ ಹಿಂದಿ ಚಿತ್ರ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮದೀಕ್ಷೆ ಪಡೆದ ಮೂರನೆಯ ವರ್ಷ ಬಂದದ್ದು. ಅಸ್ಪೃಶ್ಯರಲ್ಲಿ ಹುಟ್ಟಿ ಬ್ರಾಹ್ಮಣರ ಮನೆಯಲ್ಲಿ ಬೆಳೆದ ಹುಡುಗಿಯ ಕಥೆ. ಸಾಕುತಾಯಿಗೆ ರಕ್ತ ಕೊಟ್ಟ ಮೇಲಷ್ಟೇ ಆಕೆ ಮಗಳಾಗುತ್ತಾಳೆ. ಆದರೆ ಅದೇ ಚಿತ್ರದೊಳಗೆ ಟ್ಯಾಗೋರರ 'ಚಂಡಾಲಿಕಾ' ನಾಟಕದ ದೃಶ್ಯವಿದೆ. ಭಿಕ್ಕು ಆನಂದರು ಚಂಡಾಲ ಹುಡುಗಿಯ ಕೈಯಿಂದ ನೀರು ಕೇಳಿ ಕುಡಿಯುತ್ತಾರೆ. ರಕ್ತದ ಪರೀಕ್ಷೆ ಅಲ್ಲಿಲ್ಲ. ಆಕೆ ಮನುಷ್ಯಳು, ಅಷ್ಟೇ ಸಾಕು. ಇದನ್ನು ಬರೆದ ಟ್ಯಾಗೋರರು ತರುಣರಾಗಿದ್ದಾಗ ನಮ್ಮ ಕಾರವಾರದಲ್ಲಿ ತಂಗಿದ್ದವರು. ಕಡಲತೀರಕ್ಕೆ ಇಂದಿಗೂ ಅವರದೇ ಹೆಸರು.

ಇಂಥ ಪೋಸ್ಟರನ್ನು ನಮ್ಮ ಹಿರಿಯರು ಯಾರಿಗೂ ತೋರಿಸಲಿಲ್ಲ. ಕೈ ತಾಗಿದರೆ ಹರಿದೀತು, ಕೇಳಿದರೆ ಒಯ್ದಾರು ಎಂಬ ಭಯ. ಬೀಗ ಹಾಕಿ ಎರಡು ಮಳೆಗಾಲ ಕಳೆಯಿತು. ತೆಗೆದಾಗ ಬೂಷ್ಟು. ಹಾಳೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. 'ಸುಜಾತಾ'ದ ಒಂದು ಮೂಲೆ ಹೋಗಿತ್ತು. ಅವರು ಮಗುವಿನಂತೆ ಅತ್ತರು.

ಮಹಾನಿದಾನ ಸುತ್ತದಲ್ಲಿ ಭಗವಾನರು ಇದೇ ಆನಂದರಿಗೆ ವಿವರಿಸುತ್ತಾರೆ: ತೃಷ್ಣೆಯಿಂದ ಹುಡುಕಾಟ, ಹುಡುಕಾಟದಿಂದ ಲಾಭ, ಹೀಗೇ ಸಾಗಿ ಸ್ವಾಧೀನ, ಜಿಪುಣತನ, ಕಾವಲು, ಕೊನೆಗೆ ಜಗಳ, ದೊಣ್ಣೆ. ಬಾಬಾಸಾಹೇಬರೂ ತೃಷ್ಣೆಯನ್ನು ಸಮಾಜದ ಕಲಹದ ಮೂಲವೆಂದು ತಮ್ಮ ಗ್ರಂಥದಲ್ಲಿ ಇದನ್ನೇ ಎತ್ತಿ ತೋರಿಸಿದ್ದಾರೆ.

ಹಾಗಾದರೆ ಕೂಡಿಡುವುದೇ ತಪ್ಪೇ? ಅಲ್ಲ. ಬಾಬಾಸಾಹೇಬರು ದಾದರಿನಲ್ಲಿ ರಾಜಗೃಹ ಕಟ್ಟಿಸಿದ್ದು ಪುಸ್ತಕಗಳಿಗಾಗಿ. ಆ ಓದು ಕೋಟಿ ಜನರ ಹಕ್ಕಾಗಿ ಹೊರಬಂತು. ಯಾರಿಗಾಗಿ ಕಾಯುತ್ತೇವೆ ಎಂಬುದೇ ಪ್ರಶ್ನೆ. ನಮ್ಮವರ ಗುರುತುಗಳನ್ನು ನಾವೇ ಉಳಿಸದಿದ್ದರೆ ಯಾರು ಉಳಿಸಿಯಾರು?

ಈಗ ಆ ಹಿರಿಯರು ಹಾಳೆಗಳ ನಡುವೆ ಹತ್ತಿ ಬಟ್ಟೆ ಇಟ್ಟು ಗಾಳಿಯಾಡುವ ಕಪಾಟಿನಲ್ಲಿ ಕಾಪಾಡುತ್ತಾರೆ. ಭಾನುವಾರ ಮಕ್ಕಳಿಗೆ ಬಿಚ್ಚಿ ತೋರಿಸುತ್ತಾರೆ. ಒಬ್ಬ ಹುಡುಗ ಕೇಳಿದ: "ಅಜ್ಜಾ, ಇಷ್ಟು ದಿನ ಯಾಕೆ ಅಡಗಿಸಿ ಇಟ್ಟಿದ್ರಿ?"

"ನಂದು ಅಂದ್ಕೊಂಡಿದ್ದೆ ಮಗಾ."

ಪೋಸ್ಟರಿನಲ್ಲಿ ನಟರ, ನಿರ್ದೇಶಕರ ಹೆಸರಿದೆ. ಅಂಟಿಸಿದವನ ಹೆಸರು ಎಲ್ಲೂ ಇಲ್ಲ. ಅವರು ಒಂದು ಚೀಟಿಯಲ್ಲಿ ತಮ್ಮ ತಂದೆಯ ಹೆಸರು ಬರೆದು ಪಕ್ಕದಲ್ಲಿ ಇಟ್ಟಿದ್ದಾರೆ.

ಇಂದಿನ ಅಭ್ಯಾಸ: ನಿಮ್ಮ ಮನೆಯಲ್ಲಿ ಬೀಗ ಬಿದ್ದಿರುವ ಒಂದು ವಸ್ತುವನ್ನು ತೆಗೆದು, ಅದರ ಹಿಂದಿನ ದುಡಿಮೆಯನ್ನು ಮಕ್ಕಳಿಗೆ ಹೇಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙