ಅವಧಿ ಮುಗಿಯುವ ನಂಬಿಕೆ

ನಂಬಿಕೆಗೆ ಕೊನೆಯ ದಿನಾಂಕ ಇರಬಹುದೇ? ಗೆಳೆತನದಲ್ಲಿ ಈ ಪ್ರಶ್ನೆ ಒರಟಾಗಿ ಕೇಳಿಸುತ್ತದೆ. ಕೋಡ್ ಬರೆಯುವವರ ಲೋಕ ಮಾತ್ರ ಇದಕ್ಕೆ ‘ಹೌದು’ ಎಂದು ಉತ್ತರಿಸಿದೆ. 2021ರ ಆಗಸ್ಟ್ 13ರಿಂದ ಗಿಟ್‌ಹಬ್, ಗಿಟ್ ಮೂಲಕ ಕೋಡ್ ಕಳಿಸುವವರಿಂದ ಖಾತೆಯ ಪಾಸ್‌ವರ್ಡ್ ಸ್ವೀಕರಿಸುವುದನ್ನು ನಿಲ್ಲಿಸಿತು. ಪಾಸ್‌ವರ್ಡ್ ಕೊಡುತ್ತಿದ್ದ ಜಾಗದಲ್ಲಿ ಈಗ ಟೋಕನ್ ಕೊಡಬೇಕು.

ಪಾಸ್‌ವರ್ಡ್ ಮನೆಯ ಬೀಗದ ಕೈ ಇದ್ದಂತೆ. ಸಿಕ್ಕವರಿಗೆ ಇಡೀ ಮನೆ ತೆರೆದುಕೊಳ್ಳುತ್ತದೆ. ಟೋಕನ್ ಬಸ್ ಪಾಸಿನಂತೆ: ಎಲ್ಲಿಂದ ಎಲ್ಲಿಗೆ, ಯಾವತ್ತಿನವರೆಗೆ ಎಂಬುದು ಮೊದಲೇ ನಿಗದಿ. ಓದಲು ಮಾತ್ರವೇ, ತಿದ್ದಲೂ ಬೇಕೇ, 30 ದಿನವೇ, 90 ದಿನವೇ ಎಂದು ಪಡೆಯುವಾಗಲೇ ಹೇಳಬಹುದು. ಇದನ್ನು ಅಪನಂಬಿಕೆ ಎನ್ನಲಾರೆ. ಮರೆವು ಮನುಷ್ಯಸಹಜ ಎಂದು ಒಪ್ಪಿಕೊಂಡ ವ್ಯವಸ್ಥೆ ಇದು.

ತೊಡಕಿರುವುದು ನವೀಕರಣದಲ್ಲಿ. ಸಂಶೋಧಕರೊಬ್ಬರ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ರೆಪಾಸಿಟರಿಗಳಿವೆ, ಪ್ರತಿಯೊಂದರ ವಿಳಾಸದೊಳಗೂ ಟೋಕನ್ ಸೇರಿದೆ ಎಂದುಕೊಳ್ಳಿ. ಅವಧಿ ಮುಗಿದ ದಿನ ಇಪ್ಪತ್ತೂ ಕಡೆ ಬದಲಿಸಬೇಕು. ಬೇಸರದ ಕೆಲಸ. ಹಾಗಾಗಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆಯುತ್ತೇವೆ. ಅದು ಫೋಲ್ಡರಿನಿಂದ ಫೋಲ್ಡರಿಗೆ ಹೋಗಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸುತ್ತದೆ. ಕ್ಷಣದಲ್ಲಿ ಎಲ್ಲವೂ ಮೊದಲಿನಂತೆ.

ಆ ‘ಮೊದಲಿನಂತೆ’ ಎಂಬಲ್ಲೇ ನನ್ನ ತಕರಾರು. ಕೊನೆಯ ದಿನಾಂಕ ನಮ್ಮ ಮುಂದಿಡುವುದು ಒಂದು ಪ್ರಶ್ನೆಯನ್ನು: ಈ ಬಾಗಿಲು ನಿನಗೆ ಇನ್ನೂ ಬೇಕೇ? ಎಂದೋ ಕೈಬಿಟ್ಟ ಯೋಜನೆ, ಕ್ಷೇತ್ರಕಾರ್ಯದ ಸಂದರ್ಶನಗಳನ್ನು ಗೆಳೆಯರು ಇಟ್ಟಿರುವ ಖಾಸಗಿ ರೆಪಾಸಿಟರಿ, ಸ್ಕ್ರಿಪ್ಟಿಗೆ ಎಲ್ಲವೂ ಒಂದೇ. ವಿಳಾಸದಲ್ಲಿ ಸೇರಿಸಿದ ಟೋಕನ್, ಕಾನ್ಫಿಗ್ ಫೈಲ್ ತೆರೆದವರೆಲ್ಲ ಓದಬಹುದಾದಂತೆ ಕುಳಿತಿರುತ್ತದೆ. ಅದು ಸೋರಿದರೆ ಬಯಲಾಗುವುದು ನಮ್ಮ ಕೋಡ್ ಒಂದೇ ಅಲ್ಲ. ನಂಬಿ ಮಾತಾಡಿದವರ ಮಾತೂ ಹೌದು. ಅವರನ್ನು ಯಾರೂ ಕೇಳಿರುವುದಿಲ್ಲ.

ಹಾಗೆಂದು ಸ್ಕ್ರಿಪ್ಟನ್ನು ದೂರಿ ಫಲವಿಲ್ಲ. ಕೈಯಾರೆ ಮಾಡಿದ ಮಾತ್ರಕ್ಕೆ ಎಚ್ಚರ ಬರುವುದಿಲ್ಲ. ಇಪ್ಪತ್ತನೆಯ ಫೋಲ್ಡರಿನ ಹೊತ್ತಿಗೆ ಕೈಯೂ ಯಂತ್ರವೇ. ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸೋಣ, ಅದರ ಜೊತೆ ನಿರ್ಧಾರವನ್ನೂ ಸಾಗಹಾಕುವುದು ಬೇಡ. ಹೊಸ ಟೋಕನ್ ಪಡೆಯುವ ಮೊದಲೇ ಸ್ಕ್ರಿಪ್ಟ್ ಒಂದೊಂದೇ ರೆಪಾಸಿಟರಿಯ ಹೆಸರು ತೋರಿಸಿ ‘ಇದು ಇನ್ನೂ ಬೇಕೇ?’ ಎಂದು ಕೇಳಲಿ, ಉತ್ತರಕ್ಕೆ ಕಾಯಲಿ. ಆಯ್ದ ರೆಪಾಸಿಟರಿಗಳಿಗಷ್ಟೇ ಸಲ್ಲುವ ಟೋಕನ್ ಪಡೆಯಲು ಗಿಟ್‌ಹಬ್‌ನಲ್ಲಿ ಅವಕಾಶವಿದೆ. ‘ಬೇಡ’ ಎಂದವುಗಳನ್ನು ಆ ಪಟ್ಟಿಯಿಂದ ಬಿಟ್ಟುಬಿಡೋಣ. ಇದರಿಂದ ಐದು ನಿಮಿಷ ಹೆಚ್ಚು ಹಿಡಿದೀತು. ಇನ್ನೊಬ್ಬರ ನಂಬಿಕೆಯನ್ನು ಕಾಯುವವರು ಅಷ್ಟನ್ನಾದರೂ ಕೊಡಬೇಕು.