ಹುಚ್ಚಿನ ಖಾತೆಗೆ ಜಮೆಯಾದ ಸಂಗೀತ

ಜಾಕೊ ಪಾಸ್ಟೋರಿಯಸ್ ಬಗ್ಗೆ ಯಾರ ಜೊತೆ ಮಾತು ತೆಗೆದರೂ ಅದು ಹತ್ತು ನಿಮಿಷದೊಳಗೆ ಅವನ ಸಾವಿಗೆ ಬಂದು ನಿಲ್ಲುತ್ತದೆ. ಜಾಝ್ ಫ್ಯೂಶನ್ನಿನಲ್ಲಿ ಬೇಸ್ ಗಿಟಾರಿನ ದನಿಯನ್ನೇ ಬದಲಿಸಿದವನು ನ್ಯೂಯಾರ್ಕಿನ ಬೀದಿಗಳಲ್ಲಿ ಮಲಗಿದ; 1987ರಲ್ಲಿ ಫ್ಲಾರಿಡಾದ ಒಂದು ಕ್ಲಬ್ಬಿನ ಹೊರಗೆ ತಿಂದ ಹೊಡೆತದಿಂದ ಕೋಮಾಕ್ಕೆ ಜಾರಿ, 35ನೇ ವಯಸ್ಸಿಗೆ ತೀರಿಕೊಂಡ. ಇಷ್ಟಾದ ಮೇಲೆ ಯಾರಾದರೊಬ್ಬರು ‘ಅಂಥ ಸಂಗೀತಕ್ಕೆ ಅಷ್ಟು ಹುಚ್ಚು ಬೇಕೇ ಬೇಕಲ್ಲ’ ಅನ್ನುತ್ತಾರೆ. ನಾನೂ ಅಂದಿದ್ದೇನೆ. ಆ ಮಾತಿನಲ್ಲಿ ಒಂದು ಅನ್ಯಾಯವಿದೆ ಎಂದು ಈಚೆಗೆ ಅನ್ನಿಸತೊಡಗಿದೆ.

ಅವನ ಅಪ್ಪ ಹಾಡುಗಾರ, ಡ್ರಮ್ ವಾದಕ. ಮಗನೂ ಡ್ರಮ್ಮಿನಿಂದಲೇ ಶುರು ಮಾಡಿದ. ಫುಟ್‌ಬಾಲ್ ಆಡುವಾಗ ಮಣಿಕಟ್ಟಿಗೆ ಪೆಟ್ಟಾಗಿ ಬೇಸಿಗೆ ಬಂದ. ಅವನ ತಂತಿಗಳಲ್ಲಿ ಡ್ರಮ್ಮು ಕೇಳುವುದು ಅದಕ್ಕೇ ಇರಬೇಕು. ಬೆಳೆದ ಊರು ಫೋರ್ಟ್ ಲಾಡರ್‌ಡೇಲ್; ಕ್ಯೂಬಾದ ತಾಳಗಳು ಕಿವಿಗೆ ಬೀಳುವಷ್ಟು ಹತ್ತಿರ. ಆಮೇಲೆ ವೇಯ್ನ್ ಕಾಕ್ರನ್‌ನ ಸೋಲ್ ಬ್ಯಾಂಡಿನ ಜೊತೆ ಊರೂರು ಅಲೆದಾಟ. ಇನ್ನು ಆ 1962ರ ಫೆಂಡರ್ ಜಾಝ್ ಬೇಸ್: ಅದರ ಮೆಟ್ಟಿಲುಗಳನ್ನು ಕಿತ್ತು, ಉಳಿದ ಗೀರುಗಳನ್ನು ತುಂಬಿಸಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿಯಲಾಗಿತ್ತು. ಮೆಟ್ಟಿಲಿದ್ದರೆ ಸ್ವರದ ಜಾಗವನ್ನು ವಾದ್ಯವೇ ಕಾಯುತ್ತದೆ. ಇಲ್ಲದಿದ್ದರೆ ಬೆರಳು ಕೂದಲೆಳೆಯಷ್ಟು ಜಾರಿದರೂ ಅಪಸ್ವರ. ಪಿಟೀಲು ಕಲಿತವರಿಗೆ ಈ ಕಷ್ಟ ಗೊತ್ತು. 1976ರ ಅವನ ಮೊದಲ ಆಲ್ಬಮ್ಮಿನ ಆರಂಭದಲ್ಲೇ ‘ಡೊನ್ನಾ ಲೀ’ ಇದೆ. ಡಾನ್ ಅಲಿಯಾಸ್‌ನ ಕಾಂಗಾ ಬಿಟ್ಟರೆ ಬೇರೆ ಆಸರೆಯಿಲ್ಲ. ಸ್ಯಾಕ್ಸೊಫೋನಿಗೇ ಕಷ್ಟವಾದ ಆ ಬೀಬಾಪ್ ಓಟವನ್ನು ಬೇಸಿನಲ್ಲಿ ಅಷ್ಟು ಶುದ್ಧವಾಗಿ ಓಡಿಸುವುದು ಉನ್ಮಾದದ ಕೆಲಸವಲ್ಲ, ಸಾವಿರಾರು ಗಂಟೆಗಳ ಸಾಧನೆಯದು.

ಅದೇ ವರ್ಷ ‘ವೆದರ್ ರಿಪೋರ್ಟ್’ ಸೇರಿದ. ‘ಹೆವಿ ವೆದರ್’ 1977ರದು. ಬೈಪೋಲಾರ್ ಕಾಯಿಲೆ ಎಂದು ವೈದ್ಯರು ಗುರುತಿಸಿದ್ದು 1982ರಲ್ಲಿ. ಹಾಗೆಂದು ಕಾಯಿಲೆ ಆಗಲೇ ಹುಟ್ಟಿತು ಎಂದಲ್ಲ. ಮೊದಲಿನ ಆ ಹುರುಪಿನಲ್ಲಿ ಅದರ ಪಾಲೂ ಇದ್ದಿರಬಹುದು. ವಾದ ಇಲ್ಲಿ ಸಲೀಸಾಗಿ ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಆದರೆ ಕಾಯಿಲೆ ಬಲಿತಂತೆ ಸಂಗೀತ ಬೆಳೆಯಲಿಲ್ಲ, ಚೆದುರಿತು. ಆ ಬೇಸ್ ಕೂಡ 1986ರಲ್ಲಿ ಮ್ಯಾನ್‌ಹಟನ್ನಿನ ಒಂದು ಪಾರ್ಕಿನಲ್ಲಿ ಕಳವಾಯಿತು. ಅವನಿಗೆ ಕೊಟ್ಟ ಔಷಧ ಲಿಥಿಯಂ. ಮನಸ್ಸನ್ನು ಹಿಡಿದು ನಿಲ್ಲಿಸುವ ಆ ಔಷಧ ಹಲವರ ಕೈ ನಡುಗಿಸುತ್ತದೆ. ಮೆಟ್ಟಿಲಿಲ್ಲದ ವಾದ್ಯ ನುಡಿಸುವವನಿಗೆ ಅದು ಎಂಥ ಆಯ್ಕೆ ಎಂದು ಯೋಚಿಸಿದರೆ, ನಮ್ಮ ಆ ‘ಹುಚ್ಚು ಬೇಕಲ್ಲ’ ಎಷ್ಟು ಅಗ್ಗದ ಮಾತು! ಅದರಿಂದ ಲಾಭ ಕೇಳುಗನಿಗೆ ಮಾತ್ರ. ಒಬ್ಬನ ನೋವನ್ನು ಅವನ ಕಲೆಯ ಬಂಡವಾಳ ಎಂದುಬಿಟ್ಟರೆ, ನಾವು ಸುಮ್ಮನೆ ಕೂತು ಕೇಳಬಹುದು.

ಎಂ.ಎ. ಓದುವಾಗ ಹಾಸ್ಟೆಲಿನ ಪಕ್ಕದ ಕೋಣೆಯಲ್ಲೊಬ್ಬ ಕವಿಯಿದ್ದ. ಒಮ್ಮೆ ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಬರೆದ. ನಾವು ಅವನ ಕೋಣೆಗೆ ಹೋಗಿ ಕೂತು, ಚಹಾ ತರಿಸಿ, ‘ಓದೋ, ಇನ್ನೊಂದು ಓದೋ’ ಎಂದೆವು. ಅವನು ಮಾತ್ರೆ ನಿಲ್ಲಿಸಿದ್ದ ಸಂಗತಿ ಐದನೇ ದಿನ ಅವನ ಅಣ್ಣ ಬಂದಾಗ ತಿಳಿಯಿತು. ಮಾತ್ರೆಯ ಪಟ್ಟಿ ಮೇಜಿನ ಮೇಲೆ, ಕವಿತೆಯ ಹಾಳೆಗಳ ಪಕ್ಕದಲ್ಲೇ ಇತ್ತು.