ಹೊಳೆಯ ಋಣವನ್ನು ತೀರಿಸತಕ್ಕವರು ಯಾರು?

ತೆಂಗಳಿ, ಸೇಡಂ, ಚಿತ್ತಾಪುರ ಸೀಮೆಗಳವರಿಗೆ ಕಾಗಿಣಾ ಹೊಳೆಯ ಪರಿಚಯವನ್ನು ನಾವು ಹೇಳಬೇಕಾದದ್ದಿಲ್ಲ. ಅದು ವಿಕಾರಾಬಾದದ ಗುಡ್ಡಗಳಲ್ಲಿ ಹುಟ್ಟಿ, ತಾಂಡೂರನ್ನು ಹಾದು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮಗ್ಗುಲಲ್ಲಿ ಹರಿದು ಭೀಮೆಯನ್ನು ಸೇರುವದು. ಬೇಸಿಗೆಯಲ್ಲಿ ಬಡಕಲಾಗುವ ಈ ಹೊಳೆಯೇ 2020ರ ಅಕ್ಟೋಬರದಲ್ಲಿ ದಡ ಮೀರಿ ಹೊಲಗಳನ್ನು ಮುಳುಗಿಸಿತು. ಹಳ್ಳಗಳಲ್ಲಿ ಹೂಳು ತುಂಬಿ, ದಡದ ಗಿಡಮರಗಳು ಕಡಿಯಲ್ಪಟ್ಟಲ್ಲಿ ನೀರು ನಿಲ್ಲಬೇಕಾದಲ್ಲಿ ನಿಲ್ಲದೆ ಬರಬಾರದಲ್ಲಿ ಬರುವದು ಆಶ್ಚರ್ಯವಲ್ಲ.

ಹೂಳನ್ನು ತೆಗೆದು, ಒಡ್ಡು ಕಟ್ಟಿ, ಗಿಡ ನೆಟ್ಟರೆ ಹೊಳೆಯು ಚೇತರಿಸುವದೆಂದು ಎಲ್ಲರೂ ಒಪ್ಪುವರು. ಆದರೆ ಹಣವು ಯಾರದು ಎಂದು ಕೇಳಿದ ಕೂಡಲೆ ಎಲ್ಲರೂ ಸುಮ್ಮಗಾಗುವರು.

ಸುಣ್ಣದ ಕಲ್ಲನ್ನು ಅಗೆಯುವವರ ಹಣವನ್ನು ಮುಟ್ಟಬಾರದೆಂದು ಕೆಲವರು ಹೇಳುವರು. ನಮಗೆ ಹಾಗೆ ತೋರುವದಿಲ್ಲ. 2015ರ ಕಾಯಿದೆಯ ಪ್ರಕಾರ ಹಳೇ ಗಣಿ ಗುತ್ತಿಗೆಯವರು ತಾವು ಸರಕಾರಕ್ಕೆ ಕೊಡುವ ರಾಜಧನದ ಹೊರತಾಗಿ ಅದರ 100ಕ್ಕೆ 30ರಷ್ಟನ್ನೂ, ಹರಾಜಿನಲ್ಲಿ ಗುತ್ತಿಗೆ ಹಿಡಿದವರು 10ರಷ್ಟನ್ನೂ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸತಕ್ಕದ್ದು. ಅದು ಗಣಿಯಿಂದ ಬಾಧೆಪಟ್ಟ ಜನರಿಗೂ ಸ್ಥಳಗಳಿಗೂ ಸಲ್ಲತಕ್ಕ ಹಣ. ಸಾಲವನ್ನು ತೀರಿಸುವವನು ದಾನಿಯಲ್ಲ. ಅದನ್ನು ಪಡಕೊಳ್ಳುವವನು ಭಿಕ್ಷುಕನೂ ಅಲ್ಲ. ಆದದರಿಂದ ಅದನ್ನು ನಾಚದೆ ಕೇಳೋಣ; ಪಡಕೊಂಡ ಮೇಲೆ ಬಾಯಿ ಮುಚ್ಚಿಕೊಳ್ಳದೆ ಇರೋಣ.

ಹಾಗಾದರೆ ಊರವರು ಏನೂ ಕೊಡಬೇಕಾದದ್ದಿಲ್ಲವೋ? ರಾಜಸ್ಥಾನದ ಅಲ್ವರ ಜಿಲ್ಲೆಯ ಸಂಗತಿಯನ್ನು ನೋಡಿರಿ. ಅಲ್ಲಿ 1985ರಿಂದ ರಾಜೇಂದ್ರ ಸಿಂಗರೂ ತರುಣ ಭಾರತ ಸಂಘದವರೂ ಹಳ್ಳಿಯವರೊಂದಿಗೆ ಸೇರಿ ಜೋಹಡಗಳೆಂಬ ಮಣ್ಣಿನ ಕಟ್ಟೆಗಳನ್ನು ಕಟ್ಟಿದರು. ಹಳ್ಳಿಯವರು ದುಡಿಮೆಯ ಪಾಲು ಕೊಟ್ಟರು. ಬತ್ತಿದ್ದ ಅರವರಿ ಹೊಳೆಯು ತಿರಿಗಿ ಹರಿಯಿತು. ಬಳಿಕ ಹೊರಗಿನವರಿಗೆ ಮೀನಿನ ಗುತ್ತಿಗೆ ಕೊಡಲ್ಪಟ್ಟಾಗ ಊರವರು ಎದ್ದು ತಡೆದರು. ಆಮೇಲೆ ಹೊಳೆಗಾಗಿ ತಮ್ಮದೇ ಸಭೆಯನ್ನು ಏರ್ಪಡಿಸಿಕೊಂಡರು. ಬೆವರು ಸುರಿಸಿದವನಿಗೆ ಕೇಳುವ ಧೈರ್ಯವಿರುವದು. ಎಲ್ಲವನ್ನೂ ಹೊರಗಿನವರೇ ಮಾಡಿಕೊಟ್ಟ ಒಡ್ಡು ಬಿರುಕುಬಿಟ್ಟರೆ ನಾವು ಸಾಹೇಬರ ದಾರಿಯನ್ನೇ ಕಾಯುವೆವು.

ಇಲ್ಲಿ ಒಂದು ಅನ್ಯಾಯವು ನುಸುಳಬಹುದು. ದಿನಗೂಲಿಯಿಂದ ಮಕ್ಕಳನ್ನು ಸಾಕುವವನಿಗೆ, 'ನಾಲ್ಕು ದಿನ ಪುಕ್ಕಟೆ ದುಡಿ' ಎಂದು ಹೇಳುವದು ಸುಲಭ. ಹೊಳೆ ತುಂಬಿದರೆ ಅವನಿಗೆ ಸಿಕ್ಕುವದು ಕೊಡ ನೀರು; ದಡದಲ್ಲಿ 20 ಎಕರೆ ಉಳ್ಳವನಿಗೆ ಎರಡನೇ ಬೆಳೆ. ಇಬ್ಬರಿಂದಲೂ ಸಮವಾಗಿ ಕೇಳುವದು ಸಮತ್ವವಲ್ಲ. ಲಾಭಕ್ಕೆ ತಕ್ಕಂತೆ ಪಾಲು ಹಾಕತಕ್ಕದ್ದು. ಹೊಲವಿಲ್ಲದವನಿಗೆ ಕೂಲಿ ಕೊಡತಕ್ಕದ್ದು. ಆದರೆ ಸಭೆಯಲ್ಲಿ ಅವನ ಮಾತಿಗೂ ನೀರು ಹೊರುವ ಹೆಂಗಸಿನ ಮಾತಿಗೂ ಗೌಡನ ಮಾತಿನಷ್ಟೇ ತೂಕವಿರಬೇಕು.

ಆದದರಿಂದ, ಪ್ರಿಯ ವಾಚಕರೇ, ನಿಮ್ಮ ಊರಲ್ಲಿ ಇಂಥಾ ಕೆಲಸದ ಮಾತು ಎದ್ದರೆ, 'ಎಷ್ಟು ಹಣ ಬಂತು' ಎಂಬದರೊಡನೆ ಇನ್ನೆರಡನ್ನು ಕೇಳಿರಿ: ಅದನ್ನು ಎಲ್ಲಿ ಖರ್ಚುಮಾಡಬೇಕೆಂದು ಯಾರು ಗೊತ್ತುಮಾಡಿದರು? ಲೆಕ್ಕವನ್ನು ಎಲ್ಲರ ಮುಂದೆ ಓದಿದರೋ? ಇವೆರಡಕ್ಕೂ ಸರಿಯಾದ ಉತ್ತರ ದೊರೆತರೆ ಕೊಂಚ ಹಣವೂ ಸಾಕಾಗುವದು; ದೊರೆಯದಿದ್ದರೆ ಬಹಳ ಹಣವೂ ಉಸುಕಿನಲ್ಲಿ ಇಂಗಿಹೋಗುವದು.